ಕೊಬ್ಬರಿ ಸುಟ್ಟರೆ ಸಾಕಾ, ಕೂಲಿ ಕೊಡಬೇಕಾ?

ಸಿಸ್ಟರಮ್ಮನ ಕಟ್ಟೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಹರಕೆ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲ ಜಾಸ್ತಿ. ಕೆಲವರು ಹೊಗಳಿದ್ದಾರೆ, ಕೆಲವರು ಚೆನ್ನಾಗಿ ಬೈದಿದ್ದಾರೆ. ಬೈದವರ ಅಕ್ಷರ ದುಂಡಗಿದೆ, ಓದೋಕೆ ಸುಲಭ ಆಯಿತು. ಎಲ್ಲರ ಪ್ರಶ್ನೆಯೂ ಸುತ್ತಿ ಬಳಸಿ ಒಂದೇ ಕಡೆ ಬರುತ್ತೆ: ನಂಬಿಕೆ ದೊಡ್ಡದಾ, ನಡತೆ ದೊಡ್ಡದಾ? ಹಾಗಾಗಿ ಅಡುಗೆ, ಸಕ್ಕರೆ ಕಾಯಿಲೆ, ಸೊಸೆ ಜಗಳದ ಪತ್ರಗಳನ್ನು ಪಕ್ಕಕ್ಕಿಟ್ಟು ಇವನ್ನೇ ತಗೊಂಡಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಶಾಸ್ತ್ರ ಓದಿದವಳಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ನರ್ಸ್ ಆಗಿ ತಿರುಗಿದವಳು. ಈಗ ನಿವೃತ್ತಿ, ಚಿತ್ರದುರ್ಗದಲ್ಲಿ ವಾಸ. ಕಾಯಿಲೆ, ಹೆರಿಗೆ, ಸಾವು ಬಂದಾಗ ಜನ ಏನು ನಂಬುತ್ತಾರೆ, ಏನು ಮಾಡುತ್ತಾರೆ ಅನ್ನೋದನ್ನು ಹತ್ತಿರದಿಂದ ನೋಡಿದ್ದೇನೆ. ನನ್ನ ಬಂಡವಾಳ ಅಷ್ಟೇ.

*

ಪ್ರಶ್ನೆ: ನಮ್ಮ ಮಾವನವರು ದಿನಾ ಎರಡು ಹೊತ್ತು ಪೂಜೆ ಮಾಡುತ್ತಾರೆ. ಪ್ರತಿ ವರ್ಷ ನಾಯಕನಹಟ್ಟಿ ಜಾತ್ರೆಗೆ ಚೀಲ ತುಂಬ ಕೊಬ್ಬರಿ ಒಯ್ದು ಸುಡುತ್ತಾರೆ. ಆದರೆ ಶೇಂಗಾ ಕಿತ್ತ ಹೆಂಗಸರಿಗೆ ಕೂಲಿ ಕೊಡಲು ವಾರಗಟ್ಟಲೆ ಓಡಾಡಿಸುತ್ತಾರೆ. ನನ್ನ ತಮ್ಮ ದೇವಸ್ಥಾನದ ಹೊಸ್ತಿಲು ತುಳಿಯುವುದಿಲ್ಲ. ಆದರೆ ಊರಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಓಡುವವನು ಅವನೇ. ‘ನಂಬಿಕೆ ಇಲ್ಲದವನು ಏನು ಮಾಡಿದರೂ ದೇವರಿಗೆ ಮುಟ್ಟಲ್ಲ’ ಅಂತ ನಮ್ಮತ್ತೆ ಹೇಳುತ್ತಾರೆ. ಹೌದಾ?
– ಒಬ್ಬ ಸೊಸೆ, ಚಳ್ಳಕೆರೆ ತಾಲ್ಲೂಕು

ಉತ್ತರ: ದೇವರಿಗೆ ಮುಟ್ಟಿತೋ ಇಲ್ಲವೋ ದೇವರೇ ಹೇಳಬೇಕು. ಆ ಹೆಂಗಸರಿಗೆ ಕೂಲಿ ಮುಟ್ಟಿಲ್ಲ ಅನ್ನೋದು ಮಾತ್ರ ಖಾತ್ರಿ. ಅಲ್ಲಿಂದಲೇ ಶುರು ಮಾಡೋಣ.

ನಿಮ್ಮ ಮಾವನವರು ಹೋಗುವುದು ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಅಲ್ವಾ? ಆ ಸ್ವಾಮಿಯ ಮಾತು ಅಂತ ನಮ್ಮ ಕಡೆ ಆಟೋ ಹಿಂದೆ, ಲಾರಿ ನೆತ್ತಿ ಮೇಲೆ ಬರೆಸಿಕೊಳ್ಳುವುದು ಏನನ್ನು? ‘ಮಾಡಿದಷ್ಟು ನೀಡು ಭಿಕ್ಷೆ.’ ಬಾಯಿಪಾಠ ಎಲ್ಲರಿಗೂ ಬರುತ್ತೆ. ಅದರ ಹಿಂದಿನ ಕಥೆ ನಿಮ್ಮ ಮಾವನವರಿಗೂ ಗೊತ್ತಿರಬೇಕು. ಸ್ವಾಮಿ ಈ ಸೀಮೆಗೆ ಬಂದು ಕಟ್ಟಿಸಿದ್ದು ಕೆರೆಗಳನ್ನು. ಚಳ್ಳಕೆರೆ ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಸುರಿದ ನಾಲ್ಕು ಹನಿಯನ್ನು ಹಿಡಿದಿಟ್ಟರೆ ಬದುಕು ಉಂಟು, ಇಲ್ಲದಿದ್ದರೆ ಗುಳೆ. ಅಂಥ ಊರಲ್ಲಿ ಒಬ್ಬ ಸ್ವಾಮಿ ಜನರ ಕೈಗೆ ಗುದ್ದಲಿ ಕೊಟ್ಟರು, ಮಣ್ಣು ಹೊತ್ತವರಿಗೆ ಹೊತ್ತಷ್ಟಕ್ಕೆ ಸರಿಯಾಗಿ ಕೂಲಿ ಕೊಟ್ಟರು ಅಂತ ಹಿರಿಯರು ಹೇಳುತ್ತಾರೆ. ಅಂದರೆ ಕೂಲಿ ಲೆಕ್ಕ ಆ ಸ್ವಾಮಿಯ ಕಥೆಯಲ್ಲಿ ಮೂಲೆಯಲ್ಲಿರುವ ಸಂಗತಿ ಅಲ್ಲ. ಕಥೆಯೇ ಅದು. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಿಮ್ಮ ಮಾವನವರು ಪಾಲಿಸುತ್ತಿದ್ದಾರೆ!

ಕೊಬ್ಬರಿ ಸುಡುವುದನ್ನು ನಾನು ಆಡಿಕೊಳ್ಳುತ್ತಿಲ್ಲ. ಜಾತ್ರೆ ಡ್ಯೂಟಿಗೆ ನಮ್ಮನ್ನೂ ಹಾಕುತ್ತಿದ್ದರು. ಫಾಲ್ಗುಣದ ಬಿಸಿಲು, ಅದರ ಜೊತೆಗೆ ರಾಶಿ ಕೊಬ್ಬರಿಯ ಬೆಂಕಿ. ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಚಟಪಟ ಅನ್ನುತ್ತಾ ಉರಿಯುತ್ತೆ. ಕಪ್ಪು ಹೊಗೆ ಕಣ್ಣಿಗೆ ಹೊಡೆಯುತ್ತೆ. ಹತ್ತಿರ ಹೋಗಿ ಕೈ ಸುಟ್ಟುಕೊಂಡವರಿಗೆ ಟೆಂಟಿನಲ್ಲಿ ಕೂತು ಮುಲಾಮು ಹಚ್ಚುವುದು ನನ್ನ ಕೆಲಸ. ಅಲ್ಲಿ ಒಬ್ಬ ತಾಯಿಯನ್ನು ನೋಡಿದ್ದೆ. ಮಗುವಿನ ಕಾಯಿಲೆ ವಾಸಿ ಆಗಿದ್ದಕ್ಕೆ ಒಂದೇ ಒಂದು ಕೊಬ್ಬರಿ ಗಿಟುಕನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದಿದ್ದಳು. ಬೆಂಕಿಗೆ ಹಾಕುವ ಮುಂಚೆ ಅದನ್ನು ಮಗುವಿನ ಹಣೆಗೆ ಮುಟ್ಟಿಸಿದಳು. ಅವಳ ನಂಬಿಕೆಯನ್ನು ಹಗುರವಾಗಿ ಮಾತಾಡುವವರ ಜೊತೆ ನಾನು ಕೂತು ಊಟ ಕೂಡ ಮಾಡಲ್ಲ. ಆದರೆ ಆ ಗಿಟುಕು ಅವಳ ಸ್ವಂತ ದುಡಿಮೆಯದು. ನಿಮ್ಮ ಮಾವನವರ ಚೀಲದಲ್ಲಿ ಒಂದಷ್ಟು ಗಿಟುಕು ಆ ಕೂಲಿ ಹೆಂಗಸರ ದುಡ್ಡಿನದು. ಬೇರೆಯವರ ದುಡ್ಡಲ್ಲಿ ಹರಕೆ ತೀರಿಸಿದರೆ ಪುಣ್ಯ ಯಾರ ಖಾತೆಗೆ ಜಮಾ ಆಗುತ್ತೆ? ಮಾವನವರನ್ನೇ ಕೇಳಿ. ನಗುನಗುತ್ತಾ ಕೇಳಿ.

ಈಗ ಅತ್ತೆಯ ಮಾತಿಗೆ ಬರೋಣ. ನಂಬಿಕೆ ಅನ್ನೋದು ಹಸಿವಿದ್ದ ಹಾಗೆ, ಬಂದರೆ ಬಂತು. ‘ನಾಳೆ ಬೆಳಿಗ್ಗೆ ಆರು ಗಂಟೆಯಿಂದ ನಂಬುತ್ತೇನೆ’ ಅಂತ ಯಾರೂ ತೀರ್ಮಾನ ಮಾಡೋಕಾಗಲ್ಲ. ನಾಳೆ ಬೆಳಿಗ್ಗೆ ಆರು ಗಂಟೆಗೆ ಎದ್ದು ಕೂಲಿ ಕೊಟ್ಟು ಬರುತ್ತೇನೆ ಅಂತ ತೀರ್ಮಾನ ಮಾಡಬಹುದು, ಮಾಡಿ ಮುಗಿಸಲೂಬಹುದು. ದೇವರು ನ್ಯಾಯವಂತ ಅಂತ ಅತ್ತೆ ನಂಬುತ್ತಾರೆ ತಾನೇ? ನ್ಯಾಯವಂತನಾದವನು ನಮ್ಮ ಕೈಲಿ ಇದ್ದದ್ದರ ಲೆಕ್ಕ ಕೇಳುತ್ತಾನೆ. ಕೈಲಿ ಇಲ್ಲದ್ದರ ಲೆಕ್ಕ ಯಾಕೆ ಕೇಳುತ್ತಾನೆ? ನಿಮ್ಮ ತಮ್ಮನಿಗೆ ನಂಬಿಕೆ ಬಂದಿಲ್ಲ. ಅದು ಅವನ ತಪ್ಪಲ್ಲ. ಕರೆದಾಗ ಓಡುವುದು ಅವನ ಕೈಲಿತ್ತು, ಓಡಿದ್ದಾನೆ.

ಇದು ನನ್ನ ಹೊಸ ವಾದ ಏನಲ್ಲ, ನಮ್ಮ ಜಿಲ್ಲೆಯ ಬಂಡೆ ಮೇಲೇ ಕೆತ್ತಿದ್ದಾರೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಕ್ರಿಸ್ತಪೂರ್ವ 3ನೇ ಶತಮಾನದ್ದು. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಇಂಥವೇ ಇವೆ. ನಾನು ಆ ಕಡೆ ಪೋಲಿಯೋ ಡ್ರಾಪ್ಸ್ ಹಾಕಲು ಹೋದಾಗ, ಐಸ್ ಬಾಕ್ಸ್ ಪಕ್ಕಕ್ಕಿಟ್ಟು ಬಂಡೆ ನೋಡಿದ್ದೆ. ನೋಡಿದರೆ ಓದೋಕೆ ಬರಲ್ಲ, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಜೊತೆಗಿದ್ದ ಮೇಷ್ಟ್ರು ಅರ್ಥ ಹೇಳಿದರು. ಅಶೋಕ ಹೇಳುವುದು ಹೀಗೆ: ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು. ಮೊದಲ ಒಂದು ವರ್ಷ ನಾನು ಹೆಚ್ಚೇನೂ ಶ್ರಮ ಪಡಲಿಲ್ಲ. ಆಮೇಲೆ ಬೌದ್ಧ ಭಿಕ್ಷುಗಳ ಸಂಘದ ಹತ್ತಿರ ಹೋದೆ, ಗಟ್ಟಿಯಾಗಿ ಶ್ರಮ ಪಟ್ಟೆ. ಫಲ ಬಂದಿದ್ದು ಆ ಶ್ರಮದಿಂದ. ಇದು ದೊಡ್ಡವರಿಗೆ ಮಾತ್ರ ದಕ್ಕುವುದಲ್ಲ, ಸಣ್ಣವನೂ ಶ್ರಮಪಟ್ಟರೆ ಸ್ವರ್ಗ ಸಿಗುತ್ತೆ.

ಎಂಥ ಮಾತು ನೋಡಿ. ಅಷ್ಟು ದೊಡ್ಡ ರಾಜ, ‘ನಂಬಿದ ಮೊದಲ ವರ್ಷ ಸುಮ್ನೆ ಇದ್ದೆ’ ಅಂತ ಊರೂರಲ್ಲಿ ಬಂಡೆ ಮೇಲೆ ಬರೆಸುತ್ತಾನೆ. ಈಗಿನವರಾದರೆ ಬರೆಸುತ್ತಿದ್ದರಾ? ಏನು ಮಾಡಬೇಕು ಅಂತಲೂ ಅಲ್ಲೇ ಇದೆ. ತಂದೆ ತಾಯಿಯ ಮಾತು ಕೇಳಿ. ಜೀವಿಗಳ ಮೇಲೆ ದಯೆ ಇರಲಿ. ಸತ್ಯ ಹೇಳಿ. ಶಿಷ್ಯ ಗುರುವನ್ನು ಗೌರವಿಸಲಿ. ನೆಂಟರಿಷ್ಟರ ಜೊತೆ ಸರಿಯಾಗಿ ನಡೆದುಕೊಳ್ಳಿ. ಅಷ್ಟೇ. ಲೋಕ ಹೇಗೆ ಹುಟ್ಟಿತು, ದೇವರಿಗೆ ಎಷ್ಟು ಕೈ ಅನ್ನೋ ಪ್ರಸ್ತಾಪವೇ ಇಲ್ಲ. ಕೊನೆಗೆ ಬರೆದವನ ಹೆಸರೂ ಇದೆ, ಚಪಡ ಅಂತ. ಕೆಲಸ ಮಾಡಿದವನು ಹೆಸರು ಹಾಕಿಕೊಂಡಿದ್ದಾನೆ, ಅದು ನನಗೆ ಇಷ್ಟ ಆಯಿತು.

ಇನ್ನೊಂದು ಕಥೆ ನಿಮ್ಮ ಮನೆಯಲ್ಲಿ ಹೇಳಬಹುದು. 12ನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಅಂತ ಶರಣರು. ಚೆಲ್ಲಿದ ಅಕ್ಕಿ ಆಯ್ದು ತರುವುದೇ ಅವರ ಕಾಯಕ. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ತಂದರಂತೆ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತಗೊಳ್ಳಲಿಲ್ಲ. ಇಷ್ಟೊಂದು ಅಕ್ಕಿಯ ಆಸೆ ಯಾಕೆ, ಈಶ್ವರ ಒಪ್ಪಲ್ಲ, ವಾಪಸ್ ಹಾಕಿ ಬನ್ನಿ ಅಂತ ಗಂಡನನ್ನು ಬಾಗಿಲಿಂದಲೇ ಕಳಿಸಿದಳು. ಗಂಡ ದೊಡ್ಡ ಶರಣ ಅಂತ ಸುಮ್ಮನಿರಲಿಲ್ಲ. ಇವರ ಮನೆಯಲ್ಲಿ ದೇವರ ಒಪ್ಪಿಗೆ ನಿಂತಿದ್ದು ಒಂದು ಹಿಡಿ ಅಕ್ಕಿಯ ಮೇಲೆ.

ತಮ್ಮನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಅವನನ್ನು ಹೊಗಳಿ ಅಟ್ಟಕ್ಕೇರಿಸಬೇಡಿ. ದೇವಸ್ಥಾನಕ್ಕೆ ಹೋಗಲ್ಲ ಅನ್ನೋದು ಕೂಡ ಕೆಲವರಿಗೆ ಒಂದು ಜಂಬ. ‘ನಾನು ನಿಮ್ಮ ಹಾಗಲ್ಲ, ನಾನು ಕೆಲಸ ಮಾಡಿ ತೋರಿಸುವವನು’ ಅಂತ ಎದೆ ಉಬ್ಬಿಸಿ ಓಡಾಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರ ಹತ್ತಿರ ಉಪಕಾರ ತಗೊಂಡವರು ಜೀವನಪೂರ್ತಿ ಬಗ್ಗಿ ನಡೆಯಬೇಕು. ನಿಮ್ಮ ತಮ್ಮ ಹಾಗಿಲ್ಲದಿದ್ದರೆ ಸಂತೋಷ.

ಮಾಡಬೇಕಾದ್ದು ಏನು? ಮಂಡಿಯವರು ದುಡ್ಡು ತಡ ಮಾಡುತ್ತಾರೆ, ಅದಕ್ಕೇ ಮಾವನವರೂ ತಡ ಮಾಡುತ್ತಾರೆ. ನನಗೂ ಗೊತ್ತು. ಆದರೆ ತಡ ತಡೆದುಕೊಳ್ಳುವ ಶಕ್ತಿ ನಿಮ್ಮ ಮನೆಗೆ ಇದೆ, ಶೇಂಗಾ ಕಿತ್ತವಳ ಮನೆಗೆ ಇಲ್ಲ. ಸಂಜೆ ಅವಳು ಅಂಗಡಿಗೆ ಹೋಗಿ ಅಕ್ಕಿ, ಎಣ್ಣೆ ತರಬೇಕು. ನೀವು ಓದಿದ ಸೊಸೆ ಇದ್ದೀರಿ, ಕೂಲಿ ಲೆಕ್ಕದ ಪುಸ್ತಕ ನಿಮ್ಮ ಕೈಗೆ ತಗೊಳ್ಳಿ. ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ ಮುಂಚೆಯೇ ದುಡ್ಡು ತೆಗೆದಿಡುತ್ತೀರಲ್ಲ, ಕೀಳುವ ಕೂಲಿಗೂ ತೆಗೆದಿಡಿ. ಮಾವನವರು ಗೊಣಗಿದರೆ ಸ್ವಾಮಿಯ ಮಾತನ್ನೇ ಹೇಳಿ. ಅದಕ್ಕೆ ಅವರ ಹತ್ತಿರ ಉತ್ತರ ಇರಲ್ಲ.

*

ಪ್ರಶ್ನೆ: ದಿನಾ ಪೂಜೆ ಮಾಡೋಕೆ ಟೈಮ್ ಆಗಲ್ಲ. ಎರಡು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಪಾಪ ಬರುತ್ತಾ?
– ಒಬ್ಬ ಗೃಹಿಣಿ, ಹೊಳಲ್ಕೆರೆ

ಉತ್ತರ: ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನು ಒರೆಸಿ ಒಣಗಿಸಿ. ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತೆ. ಪಾಪದ ಚಿಂತೆ ಬಿಡಿ. ಗಂಡನಿಗೆ ಟೈಮ್ ಇದ್ದರೆ ದೀಪ ಅವರು ಹಚ್ಚಲಿ.

*

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಗೆಳೆಯರ ಜೊತೆ ರಕ್ತದಾನಕ್ಕೆ, ಅನ್ನದಾನಕ್ಕೆ ಹೋಗುತ್ತೇನೆ. ಎಲ್ಲರೂ ‘ದೈವಭಕ್ತ ಹುಡುಗ’ ಅಂತಾರೆ. ಆದರೆ ಒಳಗೆ ನನಗೆ ಏನೂ ಅನ್ನಿಸುವುದಿಲ್ಲ. ಭಕ್ತಿ ಇಲ್ಲ, ಸಂತೋಷವೂ ಇಲ್ಲ. ನಾನು ನಾಟಕ ಮಾಡುತ್ತಿದ್ದೇನಾ?
– ಒಬ್ಬ ವಿದ್ಯಾರ್ಥಿ, ದಾವಣಗೆರೆ

ಉತ್ತರ: ತಮ್ಮಾ, ನಿನ್ನ ತೋಳಿಂದ ಒಂದು ಸಲಕ್ಕೆ 350 ಎಂ.ಎಲ್. ರಕ್ತ ತೆಗೆಯುತ್ತಾರೆ, ತೂಕ ಚೆನ್ನಾಗಿದ್ದರೆ 450. ಅದರ ಕೆಂಪು ಕಣಗಳನ್ನು ಫ್ರಿಡ್ಜ್‌ನಲ್ಲಿ ಹೆಚ್ಚೆಂದರೆ 42 ದಿನ ಇಡಬಹುದು. ಅಷ್ಟರೊಳಗೆ ಅದು ಹೆರಿಗೆಯಲ್ಲಿ ರಕ್ತ ಸೋರಿದ ಯಾವುದೋ ಹೆಣ್ಣುಮಗಳ ಮೈಗೆ ಹೋಗುತ್ತೆ. ಬ್ಯಾಗಿನ ಮೇಲೆ ಗುಂಪು ಬರೆದಿರುತ್ತೆ, ತಾರೀಖು ಬರೆದಿರುತ್ತೆ. ಕೊಟ್ಟವನಿಗೆ ಆ ಹೊತ್ತಿನಲ್ಲಿ ಭಕ್ತಿ ಉಕ್ಕಿತ್ತೋ ಇಲ್ಲವೋ ಅಂತ ಬರೆಯುವ ಜಾಗ ಇರಲ್ಲ.

ಏನೂ ಅನ್ನಿಸಲ್ಲ ಅನ್ನೋದು ನಾಟಕ ಅಲ್ಲ. ಅನ್ನಿಸದೇ ಇದ್ದಾಗ ಅನ್ನಿಸಿದ ಹಾಗೆ ಮುಖ ಮಾಡುವುದು ನಾಟಕ. ‘ದೈವಭಕ್ತ’ ಅಂದಾಗ ‘ಇಲ್ಲ ಕಣಪ್ಪ, ಸುಮ್ನೆ ಬರುತ್ತೇನೆ’ ಅಂದುಬಿಡು, ಮುಗಿಯಿತು. ನಾನು ನರ್ಸ್ ಕೆಲಸಕ್ಕೆ ಸೇರಿದ್ದು ಸೇವೆಯ ಆಸೆಯಿಂದ ಅಲ್ಲ, ಸಂಬಳ ಬರುತ್ತೆ ಅಂತ. ಮೊದಲ ಹೆರಿಗೆ ಮಾಡಿಸಿದಾಗ ನನಗೆ ಅನ್ನಿಸಿದ್ದು ಸೊಂಟ ನೋವು ಮಾತ್ರ. ಮನಸ್ಸು ಕೆಲವು ಸಲ ಕೈಗಿಂತ ನಿಧಾನ ಬರುತ್ತೆ. ಕೆಲವು ಸಲ ಬರುವುದೇ ಇಲ್ಲ, ಆಗಲೂ ಕೈ ಮಾಡಿದ್ದು ಸುಳ್ಳಾಗಲ್ಲ.

ಆದರೆ ಏನೂ ಅನ್ನಿಸದಿರುವುದು ರಕ್ತದಾನದಲ್ಲಿ ಮಾತ್ರನಾ, ಊಟ, ಆಟ, ಗೆಳೆಯರು ಎಲ್ಲದರಲ್ಲೂನಾ? ನಿದ್ದೆ ಸರಿ ಬರುತ್ತಾ? ಎಲ್ಲದರಲ್ಲೂ ಹಾಗೇ ಇದ್ದರೆ ಅದು ಅಧ್ಯಾತ್ಮದ ಪ್ರಶ್ನೆ ಅಲ್ಲ, ಡಾಕ್ಟರ ಹತ್ತಿರ ಹೋಗಬೇಕಾದ ಪ್ರಶ್ನೆ. ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡು, ದುಡ್ಡು ಬೇಡ. ನಾಚಿಕೆ ಬೇಡ. ಮತ್ತೆ ಗಂಡಸರು ಎರಡು ರಕ್ತದಾನದ ಮಧ್ಯೆ ಮೂರು ತಿಂಗಳು ಬಿಡಬೇಕು, ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಇರಬಾರದು. ಮಂಡಕ್ಕಿ ಮಿರ್ಚಿ ತಿಂದುಕೊಂಡೇ ದಿನ ದೂಡಬೇಡ.

*

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನಮ್ಮ ಕಡೆ ಕೆಲವು ಹಟ್ಟಿಗಳಲ್ಲಿ ಈಗಲೂ ಬಾಣಂತಿಯನ್ನು ಊರ ಹೊರಗೆ ಗುಡಿಸಲಲ್ಲಿ ಇಡುತ್ತಾರೆ. ಹೇಳಿದರೆ ‘ದೇವರು ಮುನಿಯುತ್ತಾನೆ’ ಅಂತಾರೆ. ಮೊದಲು ಅವರ ನಂಬಿಕೆ ಬದಲಿಸಬೇಕಾ, ಆಚರಣೆ ಬದಲಿಸಬೇಕಾ? ನನಗೆ ಸಾಕಾಗಿದೆ ಅಕ್ಕಾ.
– ಒಬ್ಬ ಆಶಾ, ಹೊಸದುರ್ಗ ತಾಲ್ಲೂಕು

ಉತ್ತರ: ಈ ಪತ್ರ ಓದಿದ ಮೇಲೆ, ಮೇಲೆ ಬರೆದದ್ದಕ್ಕೆ ಒಂದು ತಿದ್ದುಪಡಿ ಸೇರಿಸಬೇಕಾಯಿತು. ನಂಬಿಕೆಗೆ ಬೆಲೆ ಇಲ್ಲ ಅಂತ ನಾನು ಹೇಳಲಾರೆ. ನಂಬಿಕೆ ಕೈಯನ್ನು ಎಳೆದುಕೊಂಡು ಹೋಗುತ್ತೆ. ಹಸುಗೂಸನ್ನು ಹೊರಗೆ ಮಲಗಿಸುವುದೂ ನಂಬಿಕೆಯೇ. ಆ ಜನ ಕ್ರೂರಿಗಳಲ್ಲ, ನಿಮಗೂ ಗೊತ್ತು. ಮಗುವಿಗೆ ಕೇಡಾಗಬಾರದು ಅಂತಲೇ ಹೊರಗಿಡುತ್ತಾರೆ. ಪ್ರೀತಿ ಅಪ್ಪಟ, ಮಾಡಿದ್ದು ತಪ್ಪು. ಹುಟ್ಟಿದ ಮಗುವಿನ ಮೈ ಬಿಸಿ ಬೇಗ ಇಳಿದುಹೋಗುತ್ತೆ, ಚಳಿಗಾಲದಲ್ಲಂತೂ ಕೇಳೋದೇ ಬೇಡ.

ಒಂದು ಹಟ್ಟಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಮಾರ್ಗಶಿರದ ಚಳಿ. ಬಾಣಂತಿ ಹಟ್ಟಿಯ ಬೇಲಿ ಆಚೆ, ಗರಿ ಹೊದಿಸಿದ ಗೂಡಿನಂಥ ಗುಡಿಸಲಲ್ಲಿ. ಒಳಗೆ ನೆಟ್ಟಗೆ ಕೂರೋಕಾಗಲ್ಲ, ತಲೆ ತಾಗುತ್ತೆ. ನಾನು ಸಂಜೆ ಹೋದಾಗ ಬಾಗಿಲ ಬಳಿ ಅವಳ ಅತ್ತೆ ಕೂತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಎರಡು ಕಂಬಳಿ, ಒಂದು ಮುರುಕು ಬೋಗುಣಿಯಲ್ಲಿ ಕೆಂಡ, ಪಕ್ಕದಲ್ಲಿ ಜಾಲಿ ಕಟ್ಟಿಗೆಯ ಹೊರೆ. ಸೂತಕದವಳನ್ನು ಮುಟ್ಟಿದರೆ ಅವಳೂ ಹಟ್ಟಿ ಒಳಗೆ ಹೋಗುವ ಹಾಗಿಲ್ಲ. ‘ಯಾಕಜ್ಜಿ ಇಲ್ಲಿ?’ ಅಂದೆ. ‘ದ್ಯಾವ್ರು ಒಳಗಿರ್ಲಿ ಬಿಡವ್ವ, ನಾನು ಹೊರಗಿರ್ತೀನಿ’ ಅಂದಳು. ಮಗುವನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವ ಹಾಗೆ ಹೇಗೆ ಕಟ್ಟಿಕೊಳ್ಳಬೇಕು ಅಂತ ನಾನು ತೋರಿಸಿದೆ. ಅಜ್ಜಿ ತನ್ನ ಕಂಬಳಿಯನ್ನೇ ಬಿಚ್ಚಿ ಸುತ್ತಿದಳು. ಬೆಂಕಿ ಗುಡಿಸಲಿನ ಹೊರಗೇ ಇರಲಿ, ಒಳಗೆ ಹೊಗೆ ತುಂಬಿದರೆ ಕೂಸಿಗೆ ಆಗಲ್ಲ ಅಂದೆ. ತಕ್ಷಣ ಬೋಗುಣಿ ಎಳೆದಳು. ಅವಳ ದೇವರ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ.

ಆ ಮನೆಯಲ್ಲಿ ಮುಂದಿನ ಹೆರಿಗೆ ಆಸ್ಪತ್ರೆಯಲ್ಲಿ ಆಯಿತು. ನಿಯಮದ ದಿನಗಳು ಮುಗಿಯುವವರೆಗೂ ಅವಳು ಪೇಟೆಯ ನೆಂಟರ ಮನೆಯಲ್ಲಿದ್ದಳು. ನಿಯಮ ಮುರಿದ ಹಾಗೂ ಆಗಲಿಲ್ಲ, ಮಗು ಚಳಿಯಲ್ಲಿ ಮಲಗಲೂ ಇಲ್ಲ. ಈ ಉಪಾಯ ಹುಡುಕಿದ್ದು ಅದೇ ಅಜ್ಜಿ. ಅವಳ ನಂಬಿಕೆ ಬದಲಾಯಿತಾ? ನನಗೇನೂ ಹಾಗನ್ನಿಸಲಿಲ್ಲ. ಆದರೆ ದೇವರು ಮುನಿಯಲಿಲ್ಲ ಅನ್ನೋದನ್ನು ಇಡೀ ಹಟ್ಟಿ ನೋಡಿತು.

ಅದಕ್ಕೇ ನನ್ನ ಸಲಹೆ: ದೇವರ ಜೊತೆ ಜಗಳಕ್ಕೆ ಇಳಿಯಬೇಡಿ. ಈ ವಾರ, ಈ ಬಾಣಂತಿಗೆ ಬೆಚ್ಚಗಿನ ಜಾಗ ಹೇಗೆ ಅಂತ ಮಾತ್ರ ನೋಡಿ. ಹಟ್ಟಿಯಲ್ಲಿ ಇಂಥ ಒಬ್ಬ ಅಜ್ಜಿ ಇದ್ದೇ ಇರುತ್ತಾಳೆ, ಅವಳನ್ನು ಹುಡುಕಿ. ಕಾನೂನೂ ನಿಮ್ಮ ಕಡೆ ಇದೆ. ಅಮಾನವೀಯ ಆಚರಣೆಗಳ ವಿರುದ್ಧ ನಮ್ಮ ರಾಜ್ಯ 2017ರಲ್ಲಿ ಕಾಯ್ದೆ ಮಾಡಿದೆ, ಮುಟ್ಟಾದವರನ್ನು, ಬಸುರಿಯರನ್ನು ಬಲವಂತವಾಗಿ ಹೊರಗಿಡುವುದು ಅಪರಾಧ. ಆದರೆ ಕಾಯ್ದೆಯನ್ನು ಮೊದಲ ದಿನವೇ ಕೈಯಲ್ಲಿ ಹಿಡಿದು ಹೋದರೆ ಎರಡನೇ ದಿನ ನಿಮಗೆ ಯಾರೂ ಬಾಗಿಲು ತೆಗೆಯಲ್ಲ. ಜೀವಕ್ಕೆ ಅಪಾಯ ಅನ್ನಿಸಿದಾಗ ಮಾತ್ರ ಹಿಂದೆ ಮುಂದೆ ನೋಡಬೇಡಿ, 108ಕ್ಕೆ ಫೋನ್ ಮಾಡಿ ಕರೆದುಕೊಂಡು ಹೋಗಿ. ಬೈಗುಳ ಆಮೇಲೆ ತಿನ್ನೋಣ.

*

ಪ್ರಶ್ನೆ: ನೀವು ಯಾವಾಗಲೂ ಕೆಲಸ, ಕೆಲಸ ಅನ್ನುತ್ತೀರಿ. ನಮ್ಮಲ್ಲಿ ನಿಯ್ಯತ್ತೇ, ಅಂದರೆ ಮನಸ್ಸಿನ ಉದ್ದೇಶವೇ, ಮೊದಲು. ನಿಯ್ಯತ್ತು ಸರಿ ಇಲ್ಲದಿದ್ದರೆ ನಮಾಜೂ ನಮಾಜಲ್ಲ, ದಾನವೂ ದಾನ ಅಲ್ಲ. ಇದಕ್ಕೇನಂತೀರಿ?
– ಒಬ್ಬ ವ್ಯಾಪಾರಿ, ಹಿರಿಯೂರು

ಉತ್ತರ: ಒಪ್ಪಿದೆ ಭಾಯಿ. ಕೆಲಸಗಳ ಬೆಲೆ ನಿಯ್ಯತ್ತಿನ ಮೇಲೆ ಅಂತ ಪ್ರವಾದಿಯವರ ಮಾತೇ ಇದೆ. ಆದರೆ ಅಲ್ಲೂ ನಿಯ್ಯತ್ತು ಬೆಲೆ ಕಟ್ಟುವುದು ಯಾವುದಕ್ಕೆ? ಮಾಡಿದ ಕೆಲಸಕ್ಕೆ. ನಿಮ್ಮಲ್ಲೇ ಜಕಾತ್ ನೋಡಿ. ವರ್ಷ ಪೂರ್ತಿ ಉಳಿದ ಹಣ ಒಂದು ಮಿತಿ ದಾಟಿದರೆ ನೂರಕ್ಕೆ ಎರಡೂವರೆ ಕೊಡಲೇಬೇಕು. ‘ಕೊಡುವ ಮನಸ್ಸು ತುಂಬಾ ಇತ್ತು’ ಅಂದರೆ ಲೆಕ್ಕ ಚುಕ್ತಾ ಆಗುತ್ತಾ? ಇಲ್ಲ ತಾನೇ. ಮನಸ್ಸು ಮನಸ್ಸಿನ ಪಾಡಿಗೆ ಒಳ್ಳೆಯದಿರಲಿ, ಎರಡೂವರೆ ರೂಪಾಯಿ ಬಡವನ ಜೇಬಿಗೆ ಹೋಗಲೇಬೇಕು ಅಂತ ಕಟ್ಟು ಮಾಡಿಟ್ಟವರಿಗೆ ಮನುಷ್ಯರ ಸ್ವಭಾವ ಚೆನ್ನಾಗಿ ಗೊತ್ತಿತ್ತು.

ನಿಯ್ಯತ್ತಿನ ಬೆಲೆ ನನಗೆ ಕಾಣುವುದು ಬೇರೆ ಕಡೆ. ಫೋಟೋಗೆ ಅಂತ ಆಸ್ಪತ್ರೆಗೆ ಹಣ್ಣು ಹಂಚಲು ಬರುತ್ತಾರಲ್ಲ, ರೋಗಿ ಕೈಗೆ ಬಾಳೆಹಣ್ಣು ಕೊಟ್ಟು ಕ್ಯಾಮೆರಾ ಕಡೆ ನೋಡುತ್ತಾರೆ. ಹಣ್ಣಿಗೆ ಏನೂ ಆಗಲ್ಲ, ಹೊಟ್ಟೆ ತುಂಬುತ್ತೆ. ಆದರೆ ರೋಗಿಯ ಮುಖ ಸಣ್ಣಗಾಗುತ್ತೆ. ನಿಯ್ಯತ್ತು ಸರಿ ಇದ್ದವನು ಅದೇ ಹಣ್ಣನ್ನು ಬೇರೆ ಥರ ಕೊಡುತ್ತಾನೆ, ಸಿಪ್ಪೆ ಸುಲಿಯೋಕೆ ಆಗುತ್ತಾ ಅಂತ ಕೇಳುತ್ತಾನೆ. ಅಂದರೆ ನಿಯ್ಯತ್ತು ಕೂಡ ಕೊನೆಗೆ ಕಾಣಿಸಿಕೊಳ್ಳುವುದು ಕೈಯಲ್ಲೇ. ಇದರಲ್ಲಿ ನೀವು ನನಗಿಂತ ದೂರ ಏನಿಲ್ಲ.

*

ಪ್ರಶ್ನೆ: ನಂಬಿಕೆ ಇಲ್ಲದೆ ಬರೀ ಕೆಲಸ ಮಾಡಿದರೆ ಮನುಷ್ಯ ಒಣಗಿಹೋಗಲ್ವಾ? ನಮ್ಮ ಚರ್ಚಿನ ಸಭೆಯಲ್ಲಿ ನಂಬಿಕೆಯಿಂದಲೇ ರಕ್ಷಣೆ ಅಂತ ಕಲಿಸಿದ್ದಾರೆ.
– ನಿವೃತ್ತ ನೌಕರರು, ಹರಿಹರ

ಉತ್ತರ: ನಿಮ್ಮವರಲ್ಲೇ ಈ ಜಗಳ ನೂರಾರು ವರ್ಷ ನಡೆದಿದೆ ಅಲ್ವಾ ಸಾರ್. ಜರ್ಮನಿಯ ಪಾದ್ರಿ ಮಾರ್ಟಿನ್ ಲೂಥರ್ 1517ರಲ್ಲಿ ಎತ್ತಿದ ದನಿಯಿಂದ ಚರ್ಚೇ ಎರಡಾಯಿತು. ನಂಬಿಕೆಯೊಂದೇ ಸಾಕು ಅಂತ ಒಂದು ಕಡೆ. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂತ ಬೈಬಲಿನ ಯಾಕೋಬನ ಪತ್ರ ಹೇಳಿದ್ದು ಇನ್ನೊಂದು ಕಡೆ. ಕೊನೆಗೆ 1999ರಲ್ಲಿ ಕ್ಯಾಥೊಲಿಕ್ ಮತ್ತು ಲೂಥರನ್ ಚರ್ಚಿನವರು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕಿದರು: ರಕ್ಷಣೆ ಸಿಗುವುದು ದೇವರ ಕೃಪೆಯಿಂದ, ನಂಬಿಕೆಯ ಮೂಲಕ, ಒಳ್ಳೆಯ ಕೆಲಸ ಅದರ ಫಲವಾಗಿ ಬರುತ್ತೆ. ಹರಿ ಮತ್ತು ಹರ ಒಂದೇ ಮೈಯಲ್ಲಿ ನಿಂತಿರುವ ಊರಿನವರು ನೀವು. ಇಂಥ ರಾಜಿ ನಿಮಗೆ ಹೊಸದಲ್ಲ.

ಒಣಗುವ ಮಾತು ಮಾತ್ರ ನಿಜ. ಅದನ್ನು ನಾನು ಕೊರೊನಾ ವಾರ್ಡಿನಲ್ಲಿ ಕಂಡೆ. ನನ್ನ ಜೊತೆ ಒಬ್ಬ ಸಿಸ್ಟರ್ ಇದ್ದಳು. ಪಿಪಿಇ ಕಿಟ್ ಹಾಕಿಕೊಳ್ಳುವ ಮುಂಚೆ ಸ್ಟೋರ್ ರೂಮಿನಲ್ಲಿ ಸಲೈನ್ ಬಾಟಲಿಗಳ ಡಬ್ಬಗಳ ನಡುವೆ ಮಂಡಿಯೂರಿ ಒಂದು ನಿಮಿಷ ಪ್ರಾರ್ಥನೆ ಮಾಡುತ್ತಿದ್ದಳು. ನಾನು ಆ ಒಂದು ನಿಮಿಷದಲ್ಲಿ ಚಹಾ ಕುಡಿಯುತ್ತಿದ್ದೆ. ಇಬ್ಬರೂ ಹೋಗುತ್ತಿದ್ದದ್ದು ಒಂದೇ ವಾರ್ಡಿಗೆ, ಮಾಡುತ್ತಿದ್ದದ್ದು ಒಂದೇ ಕೆಲಸ. ಆದರೆ ದಿನ ಕಳೆದ ಹಾಗೆ ನನ್ನ ಚಹಾ ಕೈಕೊಟ್ಟಿತು, ಅವಳ ಪ್ರಾರ್ಥನೆ ಕೈಕೊಡಲಿಲ್ಲ. ಹಾಸಿಗೆಗಳು ಖಾಲಿ ಆಗುತ್ತಿದ್ದ ರೀತಿ ನೋಡಿ ನಾನು ರೋಗಿಗಳ ಹೆಸರು ಕೇಳುವುದನ್ನು ಬಿಟ್ಟೆ, ಬೆಡ್ ನಂಬರಲ್ಲೇ ಕರೆಯುತ್ತಿದ್ದೆ. ಅವಳು ಕೊನೆಯವರೆಗೂ ಹೆಸರು ಹಿಡಿದೇ ಕರೆದಳು. ಆ ಶಕ್ತಿ ಅವಳಿಗೆ ಎಲ್ಲಿಂದ ಬರುತ್ತಿತ್ತು ಅಂತ ಅವಳಿಗೆ ಗೊತ್ತಿತ್ತು.

ಹಾಗಾಗಿ ನಿಮ್ಮ ನಂಬಿಕೆ ನಿಮ್ಮನ್ನು ಮಾರನೇ ದಿನ ಮತ್ತೆ ಅದೇ ವಾರ್ಡಿಗೆ ಕಳಿಸುತ್ತಿದ್ದರೆ ಅದನ್ನು ಗಟ್ಟಿ ಹಿಡಿದುಕೊಳ್ಳಿ ಸಾರ್. ನನಗೆ ಅದು ಬಂದಿಲ್ಲ. ಬಂದವರನ್ನು ನೋಡಿದರೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತೆ.

*

ಪ್ರಶ್ನೆ: ನಾಯಕನಹಟ್ಟಿ ತೇರಿನ ದಿನ ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜಾಗುತ್ತೆ. ದುಡ್ಡು ಕೊಟ್ಟರೆ ಮುಕ್ತಿ ಸಿಗುತ್ತಾ? ನನ್ನ ಗೆಳೆಯ ಮುಂದಿನ ವರ್ಷ ಕೂಗುತ್ತೇನೆ ಅಂತ ಕೂತಿದ್ದಾನೆ.
– ಒಬ್ಬ ಓದುಗರು, ಚಿತ್ರದುರ್ಗ

ಉತ್ತರ: ಹರಾಜು ಕೂಗುವುದನ್ನು ನೋಡೋಕೆ ನನಗೂ ಇಷ್ಟ. ಜನ ಉಸಿರು ಬಿಗಿ ಹಿಡಿದು ನಿಂತಿರುತ್ತಾರೆ, ಬಾವುಟ ಯಾರ ಪಾಲಾಯಿತು ಅಂತ ಗೊತ್ತಾದ ಮೇಲೇ ತೇರು ಅಲುಗುವುದು. ಆ ದುಡ್ಡು ದೇವಸ್ಥಾನಕ್ಕೆ ಹೋಗುತ್ತೆ, ಗುಟ್ಟೇನಿಲ್ಲ. ಗೆಳೆಯನಿಗೆ ಸಾಲ ಇಲ್ಲ, ತಂಗಿಯರ ಪಾಲು ಕೊಟ್ಟಿದ್ದಾನೆ, ಆಳುಗಳ ಬಾಕಿ ಇಲ್ಲ ಅಂದರೆ ಕೂಗಲಿ ಬಿಡಿ. ಆ ಮೂರರಲ್ಲಿ ಯಾವುದಾದರೂ ಬಾಕಿ ಇದ್ದರೆ ಬಾವುಟ ಬೇರೆಯವರಿಗೆ ಹೋಗಲಿ. ಗೆದ್ದರೆ ಮಾತ್ರ ಅವನ ಮನೆ ಊಟಕ್ಕೆ ನನ್ನನ್ನು ಕರೆಯಲು ಹೇಳಿ.

*

ಮುಂದಿನ ಸಂಚಿಕೆಗೆ ಸಕ್ಕರೆ ಕಾಯಿಲೆಯ ಪತ್ರಗಳನ್ನು ತಗೊಳ್ಳುತ್ತೇನೆ. ದಯವಿಟ್ಟು ಎಕ್ಸ್‌ರೇ ಫಿಲಂ ಮಡಚಿ ಲಕೋಟೆಯಲ್ಲಿ ಹಾಕಿ ಕಳಿಸಬೇಡಿ, ಈ ತಿಂಗಳು ಎರಡು ಬಂದಿವೆ, ಎರಡರಲ್ಲೂ ಹೆಸರಿಲ್ಲ. ಮೊಣಕಾಲಿನದು ಯಾರದ್ದೋ ಬಂದು ತಗೊಂಡು ಹೋಗಿ.